ಅರವತ್ತಕ್ಕೆ ಒಂದು ಕಡಿಮೆ

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲಿ. ಕಂಪ್ಯೂಟರ್ ರಿಪೇರಿಯಂಥ ತಾಳ್ಮೆಯ ಕೆಲಸ ಇವನಿಗೆ ಒಗ್ಗುವುದಲ್ಲ ಎಂದು ಮನೆಯವರು ಹೇಳುತ್ತಲೇ ಇದ್ದರು. ಆದರೂ ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಬೆಳಗಾವಿಯ ಖಡೇಬಜಾರಿನ ಒಂದು ಅಂಗಡಿಯ ಮಾಳಿಗೆಯ ಮೇಲೆ ನಾನು ಹೊಟ್ಟೆ ಹೊರೆದದ್ದು ಅದೇ ಕೆಲಸದಿಂದ. ಬಿಡಿಭಾಗ ತರಿಸಿ, ಡಬ್ಬಿಯಲ್ಲಿ ಕೂರಿಸಿ, ಗಿರಾಕಿಗೆ ಬೇಕಾದ ಹಾಗೆ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದೆ. ‘ಅಸೆಂಬಲ್ ಮಾಡಿದ್ದು’ ಎನ್ನುತ್ತಿದ್ದರು ಅದಕ್ಕೆ. ಡಬ್ಬಿ, ಪರದೆ, ಕೀಬೋರ್ಡು ಎಲ್ಲವನ್ನೂ ಚೌಕಾಸಿ ಮಾಡಿಯಾದರೂ ಕೊಳ್ಳುತ್ತಿದ್ದ ಜನ ಅದರೊಳಗೆ ಹಾಕುವ ಆಪರೇಟಿಂಗ್ ಸಿಸ್ಟಮ್ ಅನ್ನು ಮಾತ್ರ ಕೊಳ್ಳುತ್ತಿರಲಿಲ್ಲ. ನನ್ನ ಚೀಲದಲ್ಲಿ ಒಂದು ನಕಲಿ ಸಿ.ಡಿ. ಸದಾ ಇರುತ್ತಿತ್ತು. ನನ್ನ ಗಿರಾಕಿಗಳ ಯಂತ್ರಗಳೆಲ್ಲ ಅದರ ಮೇಲೆಯೇ ನಡೆದಿದ್ದವು, ಯಾರಿಗೂ ನಿದ್ದೆ ಕೆಟ್ಟಿರಲಿಲ್ಲ.

ಅಸಲಿಯನ್ನೇ ಕೊಂಡವರು ನನ್ನ ಗಿರಾಕಿಗಳಲ್ಲಿ ಒಬ್ಬರೇ. ಖಾನಾಪುರದಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಹೆಣ್ಣುಮಗಳು. ತವರು ಕಾಕತಿ, ಕಲಿತದ್ದು ಕನ್ನಡ ಶಾಲೆಯಲ್ಲಿ. ಕೊಟ್ಟದ್ದು ಖಾನಾಪುರದ ಮರಾಠಿ ಮಾತಿನ ಮನೆಗೆ. ಗಂಡ ದಿನಾ ಬಸ್ಸು ಹಿಡಿದು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ಹೋಗಿ ಬರುವವನು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಯಂತ್ರ ಒಯ್ಯಲು ಅಂಗಡಿಗೆ ಬಂದ ದಿನ ನಾನು ಎಂದಿನಂತೆ ಚೀಲಕ್ಕೆ ಕೈ ಹಾಕಿದ್ದೆ.

“ಅದು ಬ್ಯಾಡ್ರಿ,” ಎಂದರು. “ಹುಡುಗ್ಯಾರಿಗೆ ಕಲಸೂದೈತಿ. ಕಳವಿನ ಮಾಲು ಮುಂದ ಇಟಗೊಂಡು ಏನಂತ ಕಲಸ್ಲಿ?”

“ಅಕ್ಕಾರ, ನಮ್ಮ ಗಿರಾಕಿ ಎಲ್ಲಾರೂ ಇದರ ಮ್ಯಾಲ ನಡಸ್ಯಾರ್ರಿ.”

“ನಡಸ್ಲಿ ಬಿಡ್ರಿ. ನನಗ ಅಸಲೀದ ಕೊಡ್ರಿ.”

ಹುಚ್ಚು ಎಂದುಕೊಂಡೆ. ಆದರೆ ಅಸಲಿ ಪೆಟ್ಟಿಗೆಯ ಪ್ಲಾಸ್ಟಿಕ್ ಹೊದಿಕೆಯನ್ನು ನಾನೇ ಮೊದಲ ಸಲ ಬಿಚ್ಚಿದ್ದು ಅಂದು, ಅದರ ವಾಸನೆ ಚೆನ್ನಾಗಿತ್ತು.

ಅಕ್ಕಾರ ಕ್ಲಾಸಿಗೆ ಇದ್ದದ್ದು ಮನೆಯ ಮುಂದಿನ ಖೋಲಿ, ರಸ್ತೆಗೆ ಬಾಗಿಲು ಇದ್ದದ್ದು. ಆ ಖೋಲಿಯ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಅವರ ಅತ್ತೆಯ ಅಣ್ಣನ ಮಗನಿಗೆ ದನದ ಹಿಂಡಿಯ ಅಂಗಡಿ ತೆರೆಯಬೇಕಿತ್ತು, ಅದಕ್ಕೆ ಆ ಖೋಲಿಯೇ ಬೇಕಿತ್ತು. ಮನೆಯಲ್ಲಿ ಅತ್ತೆಯ ಮಾತೇ ಕೊನೆಯ ಮಾತು. ಅವರು ಒಂದು ತೀರ್ಮಾನ ಮಾಡಿ ಇಬ್ಬರ ಬಾಯಿಯನ್ನೂ ಮುಚ್ಚಿಸಿದ್ದರು: ಆ ಡಬ್ಬಾ ನಡೆಯುವ ತನಕ ಖೋಲಿ ಸೊಸೆಗೆ, ಅದು ನಿಂತರೆ ಅಣ್ಣನ ಮಗನಿಗೆ.

ಮೊದಲ ಮಳೆಯ ಗುಡುಗಿಗೆ ಅದು ನಿಂತೇಬಿಟ್ಟಿತು. ಊರ ಮೇಲೆ ಎಲ್ಲೋ ಸಿಡಿಲು ಬಿದ್ದು ಕರೆಂಟಿನ ತಂತಿಯಲ್ಲಿ ಬಂದ ಹೊಡೆತಕ್ಕೆ ಮದರ್‌ಬೋರ್ಡು ಸುಟ್ಟಿತ್ತು. ಅದೇ ಮಾದರಿಯ ಬೋರ್ಡು ಪೇಟೆಯಲ್ಲಿ ಎಲ್ಲೂ ಸಿಗಲಿಲ್ಲ. ನಾನು ಬೇರೆ ಕಂಪನಿಯದು ಹುಡುಕಿ ತರುವಷ್ಟರಲ್ಲಿ ಹುಡುಗಿಯರು ಬರುವುದನ್ನು ಬಿಟ್ಟಿದ್ದರು. ಅತ್ತೆ ಅಣ್ಣನ ಮಗನಿಗೆ, ಭಾನುವಾರ ಬಂದು ಖೋಲಿ ನೋಡಿಕೊಂಡು ಹೋಗು ಎಂದು ಹೇಳಿಕಳಿಸಿದ್ದರು. ಇದನ್ನು ಅಕ್ಕಾರು ಫೋನಿನಲ್ಲಿ ಹೇಳುವಾಗ ದನಿ ಅಳುವ ಹಾಗೇನೂ ಇರಲಿಲ್ಲ, ಬರೀ ಸಣ್ಣಗಾಗಿತ್ತು. ಆ ಭಾನುವಾರ ಬೆಳಿಗ್ಗೆಯೇ ನಾನು ಬೋರ್ಡನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಬೋರ್ಡು ಕೂರಿಸುವುದು ಕಷ್ಟವಾಗಲಿಲ್ಲ. ಎಲ್ಲ ಜೋಡಿಸಿ, ಹಳೆಯ ಕಡತಗಳು ಅಳಿಯದ ಹಾಗೆ ಸಿಸ್ಟಮ್ ಮತ್ತೆ ಹಾಕಿ ಚಾಲೂ ಮಾಡಿದೆ. ಆಗ ಪರದೆಯ ಮೇಲೆ ಒಂದು ಮಾತು ಬಂತು. ಈ ಕಂಪ್ಯೂಟರಿನ ಭಾಗಗಳು ಬಹಳ ಬದಲಾಗಿವೆ, ಇದನ್ನು ಮತ್ತೆ ಆ್ಯಕ್ಟಿವೇಟ್ ಮಾಡದೆ ಒಳಗೆ ಬಿಡುವುದಿಲ್ಲ ಎಂದು. ಅಂದರೆ ಇದು ನೀವು ಕೊಂಡ ಪ್ರತಿಯೇ, ಇನ್ನೊಂದು ಯಂತ್ರಕ್ಕೆ ಹಾಕಿಲ್ಲ ತಾನೆ ಎಂದು ಕಂಪನಿಗೆ ಖಾತ್ರಿ ಕೊಡಬೇಕು. ನನಗೆ ಮೈ ಉರಿಯಿತು. ನಾನು ಹಾಕಿಕೊಟ್ಟ ನಕಲಿಗಳೆಲ್ಲ ಒಂದು ಮಾತೂ ಕೇಳದೆ ಓಡುತ್ತಿದ್ದವು. ಕಾಸು ಕೊಟ್ಟು ಕೊಂಡ ಒಬ್ಬಳೇ ಹೆಣ್ಣುಮಗಳನ್ನು ಹಿಡಿದು ನಿಲ್ಲಿಸಿ ವಿಚಾರಣೆ!

“ನಕಲೀದ ಹಾಕಿಬಿಡ್ತೀನ್ರಿ ಅಕ್ಕಾರ. ಚಾ ಕುಡಿಯೂದರಾಗ ಚಾಲೂ ಆಗತೈತಿ.”

ಅಕ್ಕಾರು ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿದರು. ಅತ್ತೆ ಅಲ್ಲಿ ಸೊಪ್ಪು ಸೋಸುತ್ತ ಕೂತಿದ್ದರು. “ಫೋನ್ ಮಾಡಿ ಕೇಳಾಕ ಬರ್ತೈತೆಲ್ರಿ? ಮೊದಲ ಅದನ್ನ ನೋಡೂಣು,” ಎಂದರು.

ಇಂಟರ್ನೆಟ್ಟಿನ ಮಾತು ಆ ಮನೆಯಲ್ಲಿ ಇರಲಿಲ್ಲ, ಆದ್ದರಿಂದ ಫೋನೇ ದಾರಿ. ಪರದೆಯ ಮೇಲೆ ಆರಾರು ಅಂಕಿಗಳ ಗುಂಪಿನಲ್ಲಿ ಮಾರುದ್ದದ ಸಂಖ್ಯೆಯೊಂದು ಬರುತ್ತದೆ. ಅದನ್ನು ಕಂಪನಿಯವರಿಗೆ ಓದಿ ಹೇಳಬೇಕು. ಅವರು ಇನ್ನೊಂದು ಸಂಖ್ಯೆ ಹೇಳುತ್ತಾರೆ, ಅದನ್ನು ಟೈಪು ಮಾಡಿದರೆ ಬೀಗ ತೆರೆಯುತ್ತದೆ. ನಾನು ಅಂಕಿಗಳನ್ನು ಬರೆದುಕೊಂಡು ಹಿಂದಿನ ಪಡಸಾಲೆಗೆ ಹೋಗಿ ಫೋನು ಹಿಡಿದು ಕೂತೆ. ಸಂಗೀತ ಕೇಳಿಸುತ್ತ ಬಹಳ ಹೊತ್ತು ಕಾಯಿಸಿದರು. ಆ ಹೊತ್ತಿನಲ್ಲೇ ಕರೆಂಟು ಹೋಗಿ ಬಂತು. ಅಕ್ಕಾರು ಯಂತ್ರವನ್ನು ಮತ್ತೆ ಚಾಲೂ ಮಾಡಿ, “ಅಂಕಿ ಬ್ಯಾರೇನ ಬಂದಾವ್ರಿ!” ಎಂದು ನಡುಮನೆಗೆ ಓಡಿ ಬಂದು ಕೂಗುವುದಕ್ಕೂ ಫೋನಿನಲ್ಲಿ ಹೆಣ್ಣು ದನಿಯೊಂದು ನಮಸ್ತೆ ಎನ್ನುವುದಕ್ಕೂ ಸರಿಹೋಯಿತು. ಇಷ್ಟು ಕಾದು ಸಿಕ್ಕ ದನಿಯನ್ನು ಬಿಡುವ ಧೈರ್ಯ ನನಗಿರಲಿಲ್ಲ.

ಮುಂದಿನ ಖೋಲಿಯಲ್ಲಿ ಪರದೆ, ಹಿಂದಿನ ಪಡಸಾಲೆಯಲ್ಲಿ ಫೋನು, ರಸ್ತೆಯಾಚೆ ಹಿಟ್ಟಿನ ಗಿರಣಿಯ ಗದ್ದಲ. ಅಕ್ಕಾರು ಪರದೆಯ ಮುಂದೆ ಕೂತು ಕೂಗಿದ್ದು ನನಗೆ ಮುಟ್ಟುತ್ತಿರಲಿಲ್ಲ. ಒಂದು ಚೀಟಿಯಲ್ಲಿ ಬರೆದು ತಂದುಕೊಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಈಗ ಇದನ್ನು ಓದುವ ಯಾರಿಗಾದರೂ ಅದು ಹೊಳೆಯುತ್ತದೆ, ಆ ಗಡಿಬಿಡಿಯಲ್ಲಿ ನಮಗೆ ಒಬ್ಬರಿಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಅತ್ತೆ ಸೊಪ್ಪಿನ ಮೊರ ಬದಿಗಿಟ್ಟು ಎದ್ದು ಬಂದು, ನಡುಮನೆಯ ಹೊಸ್ತಿಲ ಮೇಲೆ ನಿಂತರು. ಅವರು ಯಾರೂ ಕರೆಯದೆ ಬಂದದ್ದು ನನಗೆ ಸೋಜಿಗವಾಯಿತು.

ಅಕ್ಕಾರು ಅಂಕಿಗಳನ್ನು ಕನ್ನಡದಲ್ಲಿ ಒಂದೊಂದಾಗಿ ಹೇಳುವರು. ಅತ್ತೆ ಅದನ್ನು ಮರಾಠಿಗೆ ತಿರುಗಿಸಿ ನನ್ನ ಕಡೆ ಕೂಗುವರು. ನಾನು ಅದನ್ನು ಇಂಗ್ಲಿಷಿನಲ್ಲಿ ಫೋನಿಗೆ ಒಪ್ಪಿಸುವೆ. ಒಂದೊಂದೇ ಅಂಕಿ ಹೇಳುವುದು ಅತ್ತೆಗೆ ಚಿಕ್ಕ ಮಕ್ಕಳ ಆಟವೆನಿಸಿರಬೇಕು. ಎಳೆಯರಿದ್ದಾಗ ಮಗ್ಗಿ ಬಾಯಿಪಾಠ ಮಾಡಿದ ಹೆಂಗಸು. ಸ್ವಲ್ಪ ಹೊತ್ತಿಗೆ ಎರಡೆರಡು ಅಂಕಿ ಕೂಡಿಸಿ ಒಂದೇ ಸಂಖ್ಯೆ ಮಾಡಿ ಹೇಳತೊಡಗಿದರು. ನನ್ನ ಮರಾಠಿ ಬಜಾರದ ಮರಾಠಿ. ಬೇಳೆ ಕೊಳ್ಳುವಾಗ, ಬಸ್ಸಿನಲ್ಲಿ ಜಾಗ ಕೇಳುವಾಗ ಅದಕ್ಕೆ ಏನೂ ಕೊರತೆಯಿರಲಿಲ್ಲ.

“ಏಕೋಣಸಾಠ!” ಎಂದರು ಅತ್ತೆ.

ಏಕ ಅಂದರೆ ಒಂದು, ಸಾಠ ಅಂದರೆ ಅರವತ್ತು. ಕನ್ನಡದ ಬುದ್ಧಿ ಎರಡನ್ನೂ ಕೂಡಿಸಿತು. ಆರು, ಒಂದು ಎಂದು ನಾನು ಫೋನಿಗೆ ಹೇಳಿದೆ.

ಆ ಗುಂಪು ಸರಿಯಿಲ್ಲ, ಮತ್ತೊಮ್ಮೆ ಓದಿ ಎಂದಳು ಫೋನಿನ ಹೆಣ್ಣುಮಗಳು. ನಾನು ಮತ್ತೆ ಕೇಳಿದೆ, ಅತ್ತೆ ಮತ್ತೆ ಅದನ್ನೇ ಕೂಗಿದರು, ನಾನು ಮತ್ತೆ ಆರು ಒಂದು ಎಂದೆ. ಈ ಸಲವೂ ಸರಿಯಿಲ್ಲ ಎಂದಳು. ಇನ್ನೊಮ್ಮೆ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ ಎಂದೂ ಮೆಲ್ಲಗೆ ಸೇರಿಸಿದಳು.

ಆಗ ನನ್ನ ತಲೆಯಲ್ಲಿ ಸಂಶಯದ ಹುಳ ಹೊಕ್ಕಿತು. ಈ ಮುದುಕಿ ಬೇಕೆಂತಲೇ ಮಾಡುತ್ತಿದ್ದಾಳೆ. ಯಂತ್ರ ನಿಂತರೆ ಖೋಲಿ ಅಣ್ಣನ ಮಗನಿಗೆ. ಅದಕ್ಕೇ ಯಾರೂ ಕರೆಯದೆ ಎದ್ದು ಬಂದು ನಡುವೆ ನಿಂತಿದ್ದಾಳೆ. ಚೀಲದಲ್ಲಿದ್ದ ಸಿ.ಡಿ. ನೆನಪಾಯಿತು. ಫೋನು ಇಟ್ಟುಬಿಟ್ಟು, ಅಕ್ಕಾರು ಏನೇ ಅನ್ನಲಿ, ಅದನ್ನೇ ಹಾಕಿ ಎದ್ದು ಹೋಗಿಬಿಡೋಣ ಎನ್ನಿಸಿತು.

“ಆಯಿ, ಖರೇ ಖರೇ ಹೇಳ್ರಿ! ಅದೇನೈತಿ ಅದನ್ನ ಹೇಳ್ರಿ!” ಎಂದು ಗದರಿಸಿಯೇ ಬಿಟ್ಟೆ.

ಅತ್ತೆಯ ಮುಖ ಕೆಂಪಗಾಯಿತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ನನ್ನ ಮುಂದೆ ಬಂದು ನಿಂತರು. ನನಗೆ ತಿಳಿಯಲೆಂದು ತಮಗೆ ಬರುವ ಹರಕು ಕನ್ನಡಕ್ಕೆ ಇಳಿದರು.

“ನಾ ಖರೇನ ಹೇಳಾಕತ್ತೀನಿ. ಅರವತ್ತ ಐತಿ? ಅದರಾಗ ಒಂದ ಕಮ್ಮಿ. ಒಂದ ಕಮ್ಮಿ!” ಎನ್ನುತ್ತ ಒಂದು ಬೆರಳನ್ನು ಎತ್ತಿ ನನ್ನ ಮೂಗಿನ ಮುಂದೆಯೇ ಮಡಚಿದರು. “ಸೊಸಿ ಹೇಳಿದ್ದ ಹೇಳಾಕತ್ತೀನಿ ನಾ. ಅಕಿ ಡಬ್ಬಾ ಯಾಕ ಕೆಡಸ್ಲಿ?”

ಐವತ್ತೊಂಬತ್ತು. ಮರಾಠಿಯಲ್ಲಿ ಐವತ್ತೊಂಬತ್ತನ್ನು ಹೇಳುವುದೇ ಹಾಗೆ, ಅರವತ್ತಕ್ಕೆ ಒಂದು ಕಡಿಮೆ ಎಂದು. ಅರವತ್ತೊಂದಕ್ಕೆ ಬೇರೆಯೇ ಮಾತಿದೆ. ಹುಟ್ಟಿದಾಗಿನಿಂದ ಮರಾಠಿ ಕಿವಿಗೆ ಬಿದ್ದ ಬೆಳಗಾವಿಯವನು ನಾನು, ಇಷ್ಟು ತಿಳಿದಿರಲಿಲ್ಲ. ನಗು ಬಂತು, ನಗಲು ಬಾಯಿ ಬರಲಿಲ್ಲ. ಐದು, ಒಂಬತ್ತು ಎಂದು ಫೋನಿಗೆ ಹೇಳಿದೆ. ಸರಿ, ಮುಂದಿನದು ಹೇಳಿ ಎಂದಳು ಆ ಪುಣ್ಯಾತ್ಗಿತ್ತಿ.

ಅಲ್ಲಿಂದ ಮುಂದೆ ಅತ್ತೆ ಎರಡೆರಡು ಕೂಡಿಸಲಿಲ್ಲ. ಕೊನೆಯ ಗುಂಪಾದ ಮೇಲೆ ಫೋನಿನವಳು ಕೇಳಿದಳು, ಈ ಪ್ರತಿಯನ್ನು ಎಷ್ಟು ಕಂಪ್ಯೂಟರಿಗೆ ಹಾಕಿದ್ದೀರಿ ಎಂದು. ಒಂದೇ ಒಂದಕ್ಕೆ ಎಂದೆ. ಆ ಉತ್ತರವನ್ನು ನಿಜವಾಗಿ ಹೇಳುವ ಅವಕಾಶ ನನ್ನ ಕಸುಬಿನಲ್ಲಿ ಅದೊಂದೇ ಸಲ ಸಿಕ್ಕಿತ್ತು, ಅದರಿಂದ ಕೊಂಚ ಜೋರಾಗಿಯೇ ಹೇಳಿದ್ದಿರಬೇಕು. ಯಾಕೆ ಮತ್ತೆ ಹಾಕುತ್ತಿದ್ದೀರಿ ಎಂದಳು. ಸಿಡಿಲಿಗೆ ಬೋರ್ಡು ಸುಟ್ಟಿತು ಎಂದೆ. ಅಯ್ಯೋ ಪಾಪ ಎಂದು, ತೆರೆಯುವ ಸಂಖ್ಯೆಯನ್ನು ಹೇಳತೊಡಗಿದಳು.

ಈಗ ಅಂಕಿಗಳು ಹಿಂದಿನಿಂದ ಮುಂದಕ್ಕೆ ಹೊರಟವು. ನಾನು ಒಂದು ಅಂಕಿ ಹೇಳಿದರೆ ಅತ್ತೆ ಅದನ್ನು ನನಗೆ ಒಮ್ಮೆ ತಿರುಗಿ ಹೇಳುವರು, ನಾನು ಹೂಂ ಎಂದ ಮೇಲೆಯೇ ಸೊಸೆಗೆ ಕೂಗುವರು, ಸೊಸೆ ಓ ಎಂದ ಮೇಲೆಯೇ ನನ್ನ ಕಡೆ ತಿರುಗುವರು. ಆ ಹೆಂಗಸನ್ನು ನಾನು ಏನೆಂದುಕೊಂಡಿದ್ದೆ ಎಂದು ನೆನೆದರೆ ಕಿವಿ ಬಿಸಿಯಾಗುತ್ತಿತ್ತು. ಸೊಸೆಯ ಓ ಕೇಳಲು ಕತ್ತು ಮುಂದೆ ಚಾಚಿ, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಕೊನೆಯ ಅಂಕಿ ಹೋಯಿತು. ಅಷ್ಟರಲ್ಲಿ ರಸ್ತೆಯಾಚೆಯ ಗಿರಣಿಯೂ ನಿಂತಿತ್ತು. ಆಮೇಲೆ ಯಂತ್ರ ತೆರೆಯುವಾಗಿನ ಆ ಸಣ್ಣ ಸಂಗೀತ, ಅದರ ಹಿಂದೆಯೇ ಅಕ್ಕಾರ ದನಿ, “ಬಂತರೀ! ಆಯಿ, ಬಂತು!”

ನಾನು ಫೋನಿಟ್ಟು ಮುಂದಿನ ಖೋಲಿಗೆ ಹೋದೆ, ಅತ್ತೆಯೂ ಹಿಂದೆಯೇ ಬಂದರು. ಪರದೆ ತೆರೆದುಕೊಂಡು ಕೂತಿತ್ತು, ಹುಡುಗಿಯರು ಚಿತ್ರ ಬಿಡಿಸಿ ಉಳಿಸಿದ್ದ ಕಡತಗಳೆಲ್ಲ ಅಲ್ಲೇ ಇದ್ದವು. ಅಕ್ಕಾರು ಒಂದೊಂದನ್ನೇ ತೆರೆದು ನೋಡಿ ಮುಚ್ಚುತ್ತಿದ್ದರು. ನನಗೆ ಚಾ ಮಾಡುವುದು ಕೂಡ ಅವರಿಗೆ ಮರೆತಿತ್ತು, ನನಗೆ ಅದರಿಂದ ಸಂತೋಷವೇ ಆಯಿತು.

ಅದೇ ಹೊತ್ತಿಗೆ ರಸ್ತೆಯ ಬಾಗಿಲಲ್ಲಿ ಬೈಕು ನಿಂತಿತು. ಅತ್ತೆಯ ಅಣ್ಣನ ಮಗ. ಕೈಯಲ್ಲಿ ಅಳತೆಯ ಟೇಪು. ಹಿಂಡಿಯ ಚೀಲ ಎಲ್ಲಿ ಒಟ್ಟಬೇಕೆಂದು ನೋಡಲು ಬಂದವನು. ಪರದೆಯ ಬೆಳಕು ಕಂಡು ಒಂದು ಕ್ಷಣ ತಡೆದ, ಆದರೂ ತನ್ನದೇ ಜಾಗಕ್ಕೆ ಬರುವವನ ಹಾಗೆ ಹೊಸ್ತಿಲ ಮೇಲೆ ಕಾಲಿಟ್ಟ. ಅಕ್ಕಾರ ಕೈ ಮೌಸಿನ ಮೇಲೆಯೇ ನಿಂತಿತು. ಅವರು ಅವನನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದರು.

ಅತ್ತೆ ನೋಡಿದ್ದು ಅವನ ಕಾಲನ್ನು. ಧೂಳು ಒಳಗೆ ಬಂದರೆ ಯಂತ್ರ ಕೆಡುತ್ತದೆಂದು ಆ ದಿನಗಳಲ್ಲಿ ಕಂಪ್ಯೂಟರ್ ಇದ್ದ ಕೋಣೆಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುತ್ತಿರಲಿಲ್ಲ.

“ಚಪ್ಪಲ ಬಾಹೇರ ಕಾಢ,” ಎಂದರು ಅವರು. ಚಪ್ಪಲಿ ಹೊರಗೆ ಬಿಡು ಎಂದು.

ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ಟೇಪನ್ನು ಜೇಬಿಗೆ ಹಾಕಿ, ಚಪ್ಪಲಿ ಬಿಟ್ಟು, ಬಂದ ನೆಂಟನ ಹಾಗೆ ಗೋಡೆಯ ಬದಿಯ ಬೆಂಚಿನ ಮೇಲೆ ಕೂತ. ಅಕ್ಕಾರು ಪರದೆಯ ಕಡೆ ತಿರುಗಿ, ಸೆರಗಿನಿಂದ ಮುಖ ಒರೆಸಿಕೊಂಡರು.