ಹನ್ನೊಂದು ಮರದ ಓಟ

ಕಳೆದ ಭಾನುವಾರದ ಪೇಪರಿನಲ್ಲಿ ನನ್ನ ತಂಗಿಯ ಮೊಣಕೈ ಬಂದಿದೆ.

ನಗಬೇಡಿ. ಪೂರ್ತಿ ತಂಗಿ ಬಂದಿಲ್ಲ, ಮೊಣಕೈ ಮಾತ್ರ. ಅದೂ ಫೋಟೋದ ಎಡಗಡೆ ಅಂಚಿನಲ್ಲಿ. ನಡುವೆ ಇನ್ನೊಬ್ಬ ಹುಡುಗಿ ಎದೆ ಮುಂದೆ ಮಾಡಿ ರಿಬ್ಬನ್ ಹರಿಯುತ್ತಿದ್ದಾಳೆ. ಯೂನಿವರ್ಸಿಟಿ ಮೈದಾನದಿಂದ ಶುರುಮಾಡಿ ಒಲಿಂಪಿಕ್ಸ್‌ವರೆಗೆ ಹೋದವರ ಬಗ್ಗೆ ಅರ್ಧ ಪುಟದ ಲೇಖನ ಅದು. ಆ ಹುಡುಗಿ ನಮ್ಮ ಯೂನಿವರ್ಸಿಟಿಯವಳೇ. ಅಲ್ಲಿ ನೂರು ಮೀಟರ್ ಗೆದ್ದಳು, ಆಮೇಲೆ ರಾಜ್ಯ, ಆಮೇಲೆ ದೇಶ, ಕೊನೆಗೆ ಒಲಿಂಪಿಕ್ಸ್. ಅಲ್ಲಿ ಮೊದಲ ಸುತ್ತಿನಲ್ಲೇ ಸೋತು ಬಂದಳು ಅನ್ನುವುದು ಬೇರೆ ಮಾತು. ಹೋಗಿದ್ದಳಲ್ಲ!

ಮೊಣಕೈ ನನ್ನ ತಂಗಿ ಗಂಗಿಯದೇ ಎಂದು ನನಗೆ ಹೇಗೆ ಗೊತ್ತು? ಅದರ ಮೇಲೆ ಕಪ್ಪು ದಾರವಿದೆ. ಓಟಕ್ಕೆ ಹೊರಟ ದಿನ ದೃಷ್ಟಿಯಾಗದಿರಲಿ ಎಂದು ನಮ್ಮಜ್ಜಿ ಕಟ್ಟಿದ್ದು. ಆ ದಿನ ಅದೇ ಮೈದಾನದಲ್ಲಿ ನಾನೂ ಇದ್ದೆ.

ಇಪ್ಪತ್ತು ವರ್ಷದ ಹಿಂದಿನ, ಎಪ್ಪತ್ತರ ದಶಕದ ಮಾತು. ಗಂಗಿ (ಹಾಜರಿ ಪುಸ್ತಕದಲ್ಲಿ ಗಂಗಾಂಬಿಕೆ) ತಿಪಟೂರಿನ ಕಾಲೇಜಿನಲ್ಲಿ ಡಿಗ್ರಿ ಮೊದಲ ವರ್ಷ. ನಾನು ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ಗಣಿತ. ಶೆಟ್ಟಿಕೆರೆಯಿಂದ ಬೆಳಗಿನ ಬಸ್ಸಿಗೆ ಇಬ್ಬರೂ ಹೋಗುತ್ತಿದ್ದೆವು. ಬಸ್ ತಪ್ಪುವ ಹಾಗಾದರೆ ನಾನು ನಿಂತಲ್ಲೇ ಕೂಗುತ್ತಿದ್ದೆ. ಅವಳು ಲಂಗ ಎತ್ತಿಕಟ್ಟಿ ಓಡಿಹೋಗಿ, ಬಸ್ ನಿಲ್ಲಿಸಿ, ಕಂಡಕ್ಟರ್ ಜೊತೆ ಅರ್ಧ ಜಗಳ ಮುಗಿಸಿದ ಮೇಲೆ ನಾನು ಏದುಸಿರು ಬಿಡುತ್ತಾ ಹತ್ತುತ್ತಿದ್ದೆ.

ಒಂದು ದಿನ ಆ ಬಸ್ಸಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಕೂತಿದ್ದರು. ಕಿಟಕಿಯಿಂದ ನೋಡಿದವರು ಕಾಲೇಜು ಬರುವವರೆಗೂ ಅವಳ ಕಾಲನ್ನೇ ನೋಡುತ್ತಿದ್ದರು (ತಪ್ಪು ತಿಳಿಯಬೇಡಿ, ಕಸುಬಿನ ಕಣ್ಣು). ಅದೇ ವಾರ ನಮ್ಮ ಮನೆಗೆ ಬಂದು ಜಗಲಿ ಮೇಲೆ ಕೂತೇಬಿಟ್ಟರು.

"ಯಜಮಾನ್ರೇ, ನಿಮ್ಮ ಹುಡುಗೀನ ಯೂನಿವರ್ಸಿಟಿ ಮೀಟ್‌ಗೆ ಕಳ್ಸಿ. ಅಲ್ಲಿ ಗೆದ್ದೋರು ಒಲಿಂಪಿಕ್ಸ್‌ವರ್ಗೂ ಹೋಗಿದಾರೆ ಕಣ್ರೀ."

ಅಪ್ಪ ಎಲೆ ಅಡಿಕೆ ಹಾಕಿಕೊಂಡು ಯೋಚನೆ ಮಾಡಿದರು. ಅಜ್ಜಿ ಒಳಗಿನಿಂದಲೇ ಕೇಳಿದರು: "ಅದ್ಯಾವ ತಾಲ್ಲೂಕು? ತಿಪಟೂರಿಂದ ಬಸ್ಸೈತಾ?"

ಅಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ. ಊರವರ ಕಣ್ಣೆದುರು ಬೇಡ, ಪ್ರಾಕ್ಟೀಸ್ ನಮ್ಮ ತೋಟದಲ್ಲೇ ಆಗಲಿ.

ಈಗ ನನ್ನ ಸರದಿ ಬಂತು. ಗಣಿತದ ವಿದ್ಯಾರ್ಥಿ ಮನೆಯಲ್ಲಿರುವಾಗ ಅಳೆಯುವ ಟೇಪ್ ಯಾಕೆ? ನಮ್ಮ ತಾತ ಮೂವತ್ತು ಅಡಿಯ ಹಗ್ಗ ಹಿಡಿದು ಸಾಲಾಗಿ ನೆಟ್ಟ ತೆಂಗು. ಒಂದಿಂಚು ಆಚೀಚೆ ಇಲ್ಲ. ನೂರು ಮೀಟರ್ ಅಂದರೆ ಮುನ್ನೂರ ಇಪ್ಪತ್ತೆಂಟು ಅಡಿ. ಮೂವತ್ತಕ್ಕೊಂದು ಮರ. ಹನ್ನೊಂದು ಮರ ಎಣಿಸಿದರೆ ನೂರು ಮೀಟರಿಗೆ ಎರಡಡಿ ಜಾಸ್ತಿಯೇ! ಹಾಳೆಯ ಮೇಲೆ ಲೆಕ್ಕ ಬರೆದು ಅಪ್ಪನಿಗೆ ತೋರಿಸಿದೆ. ಅಪ್ಪ ತಲೆಯಾಡಿಸಿದರು. ಪಿ.ಟಿ. ಮೇಷ್ಟ್ರೂ ತಲೆಯಾಡಿಸಿದರು. ನಮ್ಮ ಕಡೆ ಮರದ ಲೆಕ್ಕವನ್ನು ಯಾರು ಅನುಮಾನಿಸುತ್ತಾರೆ ಹೇಳಿ? ಹೆಣ್ಣು ಕೊಡುವಾಗ ಕೇಳುವುದು ಮರ, ಪಾಲು ಆಗುವಾಗ ಹಂಚುವುದು ಮರ, ಯಾರಾದರೂ ಹೊಸಬರು ಸಿಕ್ಕರೆ ಮೂರನೇ ಮಾತಿಗೆ "ಎಷ್ಟು ಮರ ಅವೆ?" ನಾನು ಮೊದಲ ಮರದಿಂದ ಎಣಿಸಿಕೊಂಡು ಹೋಗಿ ಹನ್ನೊಂದನೆಯದಕ್ಕೆ ದಪ್ಪವಾಗಿ ಸುಣ್ಣದ ಪಟ್ಟೆ ಬಳಿದೆ.

ಗಂಗಿ ಮೊದಲ ಮರಕ್ಕೆ ಬೆನ್ನು ತಾಗಿಸಿ ನಿಲ್ಲುವಳು. ನಾನು ಚಪ್ಪಾಳೆ ತಟ್ಟುವುದು. ಅವಳು ಬರಿಗಾಲಲ್ಲಿ ಹಾರಿಹೋಗಿ ಸುಣ್ಣದ ಮರವನ್ನು ಅಂಗೈಯಿಂದ ಪಟಾರನೆ ಬಡಿಯುವುದು. ಮೇಷ್ಟ್ರು ಸ್ಟಾಪ್ ವಾಚ್ ತಂದು ನೋಡಿದರು. ಹನ್ನೆರಡೂವರೆ ಸೆಕೆಂಡ್. ವಾಚು ಕೆಟ್ಟಿದೆಯೇನೋ ಎಂದು ಕಿವಿಗಿಟ್ಟುಕೊಂಡರು. ಮತ್ತೆ ಓಡಿಸಿದರು. ಹನ್ನೆರಡೂವರೆ! ಹಿಂದಿನ ವರ್ಷ ಯೂನಿವರ್ಸಿಟಿಯಲ್ಲಿ ಗೆದ್ದವಳಿಗಿಂತ ಕಡಿಮೆ!

ಆಮೇಲಿನ ಎಂಟು ತಿಂಗಳು ನಮ್ಮ ಮನೆ ನೆಲದ ಮೇಲೆ ಇರಲಿಲ್ಲ.

ಈಗಲೂ ಕಣ್ಣು ಮುಚ್ಚಿದರೆ ಆ ಬೆಳಗುಗಳು ಬರುತ್ತವೆ. ಸಾಲಿನ ಆ ತುದಿಯಲ್ಲಿ ಇನ್ನೂ ಮಂಜು. ಗರಿಗಳ ಸಂದಿಯಿಂದ ಬಿಸಿಲು ನೆಲಕ್ಕೆ ಗೆರೆಗೆರೆಯಾಗಿ ಬೀಳುವುದು. ಗಂಗಿ ಆ ಗೆರೆಗಳನ್ನು ದಾಟುತ್ತಾ ಒಮ್ಮೆ ಕಾಣಿಸಿ, ಒಮ್ಮೆ ಮರೆಯಾಗಿ, ಮತ್ತೆ ಕಾಣಿಸಿಕೊಳ್ಳುವಳು. ಹೆಜ್ಜೆ ಸದ್ದೇ ಇಲ್ಲ. ಕೊನೆಯಲ್ಲಿ ಆ ಅಂಗೈ ಸದ್ದು ಮಾತ್ರ. ಮಧ್ಯಾಹ್ನ ಊಟವಾದ ಮೇಲೆ ಅವಳು ಅಟ್ಟದ ಕೆಳಗೆ ಚಾಪೆ ಹಾಕಿಕೊಂಡು ಮಲಗುತ್ತಿದ್ದಳು. ಮೇಲೆ ಕೊಬ್ಬರಿಗೆಂದು ಕೂಡಿಟ್ಟ ಕಾಯಿ. ವರ್ಷವಿಡೀ ಅಲ್ಲೇ ಒಣಗಿ ಒಣಗಿ, ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು ಸಡಿಲಾಗುವ ಕಾಲ. ಇಲಿ ಓಡಾಡಿದರೂ ಸಾಕು, ಒಂದು ಕಾಯಿ ಉರುಳಿ ಗುಡುಗುಡು ಎನ್ನುವುದು. "ಅಣ್ಣ, ಜನ ಚಪ್ಪಾಳೆ ತಟ್ಟಿದಂಗೆ ಕೇಳ್ಸುತ್ತೆ ಕಣೋ" ಎನ್ನುವಳು ನಿದ್ದೆಗಣ್ಣಿನಲ್ಲಿ. ಅವ್ವ ಕೊಬ್ಬರಿ ಮಿಠಾಯಿ ಎಷ್ಟು ದಿನ ಕೆಡದೆ ಇರುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಪರದೇಶಕ್ಕೆ ಕಟ್ಟಿಕೊಡಬೇಕಲ್ಲ!

ನಾನೂ ಕನಸು ಕಂಡೆ. ಗೆದ್ದು ಬಂದ ತಂಗಿಯ ಪಕ್ಕದಲ್ಲಿ ನಿಂತು, ಅಳತೆ ಮಾಡಿದವನು ನಾನೇ ಎಂದು ಪತ್ರಿಕೆಯವರಿಗೆ ಹೇಳುವ ಕನಸು.

ಯೂನಿವರ್ಸಿಟಿ ಮೀಟ್ ಮೈಸೂರಿನಲ್ಲಿ. ಅಪ್ಪ, ನಾನು, ಮೇಷ್ಟ್ರು ಹೋದೆವು. ಗಂಗಿಗೆ ಮೂರನೇ ಲೇನು. ಎಂಟು ಹುಡುಗಿಯರಲ್ಲಿ ಇವಳೊಬ್ಬಳೇ ಬರಿಗಾಲು. ಪಿಸ್ತೂಲು ಢಂ ಎಂದಿತು. ನಮ್ಮ ಗಂಗಿ ಎದ್ದು ಹೋದ ರೀತಿಗೆ ಅಪ್ಪ ಹೆಗಲ ಮೇಲಿನ ಟವೆಲ್ ಬೀಸಿದರು. ಐವತ್ತು ಮೀಟರಿಗೆ ಇವಳೇ ಮುಂದೆ. ಎಂಬತ್ತಕ್ಕೂ ಇವಳೇ. ತೊಂಬತ್ತಕ್ಕೂ!

ಆಮೇಲೆ ಏನಾಯಿತು? ಅವಳ ಬಲಗೈ ಇದ್ದಕ್ಕಿದ್ದಂತೆ ಮುಂದಕ್ಕೆ ಬಂತು. ಹೆಜ್ಜೆ ಸಡಿಲವಾಯಿತು. ಒಬ್ಬಳು ದಾಟಿದಳು. ಇನ್ನಿಬ್ಬರು ದಾಟಿದರು. ಗಂಗಿ ನಾಲ್ಕನೆಯವಳು.

ವಾಪಸು ಬರುವಾಗ ಅಪ್ಪ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತರು. ತುರುವೇಕೆರೆ ದಾಟಿದ ಮೇಲೆ ಅವಳ ತಲೆ ಸವರಿ ಹೇಳಿದರು: "ಕೊನೇಲಿ ಎದೆಗುಂದ್‌ಬುಟ್ಟೆ ಕಣವ್ವ. ಇರ್ಲಿ ಬುಡು."

ಪ್ರೀತಿಯಿಂದಲೇ ಹೇಳಿದ್ದು. ಆದರೆ ಅವಳು 'ಇರ್ಲಿ ಬುಡು' ಅನ್ನುವುದನ್ನು ಬಸ್ಸಿನಲ್ಲೇ ಬಿಟ್ಟು, 'ಎದೆಗುಂದಿದೆ' ಅನ್ನುವುದನ್ನು ಮನೆಗೆ ತಂದಳು. ಮತ್ತೆ ಓಡಲಿಲ್ಲ. ಡಿಗ್ರಿ ಮುಗಿದು ಬಿ.ಎಡ್. ಸೀಟು ಸಿಕ್ಕಿತು. "ಬ್ಯಾಡ ಕಣಣ್ಣ, ಕೊನೇಲಿ ಕೈಬುಡೋಳು ನಾನು." ಮದುವೆಯಾಗಿ ದಬ್ಬೇಘಟ್ಟದ ಹತ್ತಿರ ಹೋದಳು. ಒಳ್ಳೆಯ ಭಾವ, ಒಳ್ಳೆಯ ತೋಟ. ಅಲ್ಲಿನ ಹೈಸ್ಕೂಲಿನ ಹೆಡ್‌ಮಾಸ್ಟರು ಇವಳು ಯೂನಿವರ್ಸಿಟಿ ಓಟಗಾರ್ತಿ ಎಂದು ಯಾರಿಂದಲೋ ಕೇಳಿ, ಹುಡುಗಿಯರಿಗೆ ಬೆಳಿಗ್ಗೆ ಒಂದು ಗಂಟೆ ಓಟ ಹೇಳಿಕೊಡಿ ಎಂದು ಎರಡು ವರ್ಷದಿಂದ ಬೇಡಿಕೊಳ್ಳುತ್ತಿದ್ದಾರೆ. "ಗೆರೆ ಹತ್ರ ಹೆದರ್ಕೊಂಡೋಳು ಏನ್ ಹೇಳ್ಕೊಡ್ಲಿ ಸಾರ್?" ಇದೇ ಉತ್ತರ. ಭಾವ ನನಗೂ ದೂರು ಹೇಳಿದ್ದರು, ನೀವಾದರೂ ಬುದ್ಧಿ ಹೇಳಿ ಎಂದು. ಹೇಳಿದೆ. ಆ ಮಾತಿನಲ್ಲಿ ಹುರುಳಿರಲಿಲ್ಲ, ಯಾಕೆಂದರೆ ಅವಳು ಹೆದರಿದಳು ಎಂದು ನಾನೂ ನಂಬಿದ್ದೆ.

ಹೋದ ತಿಂಗಳವರೆಗೆ.

ಹೋದ ತಿಂಗಳು ಶೆಟ್ಟಿಕೆರೆಯ ತೋಟದ ಒಂದು ಬದಿಗೆ ಬೇಲಿ ಹಾಕಿಸಿದೆ. ಉದ್ದ ಮುನ್ನೂರ ಮೂವತ್ತು ಅಡಿ. ಮರದ ನೇರಕ್ಕೆ ಮೂವತ್ತು ಅಡಿಗೊಂದು ಕಲ್ಲು ಕಂಬ. ಹನ್ನೊಂದು ಕಲ್ಲು ತರಿಸಿದೆ. (ಈಗ ನಾನು ತಿಪಟೂರಿನಲ್ಲಿ ಗಣಿತದ ಮೇಷ್ಟ್ರು. ಮಕ್ಕಳ ಭವಿಷ್ಯದ ಬಗ್ಗೆ ನಿಮಗೆ ಚಿಂತೆಯಾದರೆ ತಪ್ಪಿಲ್ಲ.) ಸಂಜೆಯ ಹೊತ್ತಿಗೆ ಕಲ್ಲು ನೆಡುವ ರಂಗಪ್ಪ ಬಂದು ನಿಂತ.

"ಮೇಷ್ಟ್ರೇ, ಒಂದ್ ಕಲ್ಲು ಸಾಲ್ದು."

"ಲೆಕ್ಕ ಸರಿಯಾಗೇ ಇದೆ ಕಣಪ್ಪ. ಹನ್ನೊಂದು ಮೂವತ್ಲಿ ಮುನ್ನೂರ ಮೂವತ್ತು."

ಅವನು ಮಣ್ಣಾದ ಅಂಗೈ ನನ್ನ ಮುಖದ ಮುಂದೆ ಅಗಲಿಸಿ ಹಿಡಿದ. "ಇಲ್ನೋಡಿ ಸಾ. ಬೆರಳೈದು. ಸಂದು ನಾಲ್ಕು."

ನಕ್ಕೆ. ಅರ್ಧ ನಗುವಿನಲ್ಲೇ ನನ್ನ ಕಣ್ಣು ಪಕ್ಕದ ಸಾಲಿಗೆ ಹೋಯಿತು. ಹನ್ನೊಂದನೇ ಮರ. ಸುಣ್ಣ ಎಂದೋ ತೊಳೆದುಹೋಗಿದೆ. ಮರ ಹನ್ನೊಂದು. ಸಂದು ಹತ್ತು. ಮೂವತ್ತರಂತೆ ಮುನ್ನೂರು ಅಡಿ. ನೂರು ಮೀಟರಿಗೆ ಇಪ್ಪತ್ತೆಂಟು ಅಡಿ ಕಮ್ಮಿ.

ಎಂಟು ತಿಂಗಳು ನಾನು ನನ್ನ ತಂಗಿಯನ್ನು ತೊಂಬತ್ತೊಂದು ಮೀಟರ್ ಓಡಿಸಿ, ನೂರು ಎಂದು ಹೇಳಿದ್ದೆ. ಅವಳು ಓಡಿದ್ದು ಸಂದಿನಲ್ಲಿ. ನಾನು ಎಣಿಸಿದ್ದು ಮರ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಒಬ್ಬ ಗಣಿತದ ವಿದ್ಯಾರ್ಥಿ, ಒಬ್ಬ ಪಿ.ಟಿ. ಮೇಷ್ಟ್ರು, ತಾಲ್ಲೂಕಿನ ಯಾವ ತೋಟದಲ್ಲಿ ಎಷ್ಟು ಮರವಿದೆ ಎಂದು ಬಾಯಲ್ಲೇ ಹೇಳುತ್ತಿದ್ದ ಅಪ್ಪ. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ!

ಅವಳಿಗೆ ಹೇಳಬೇಕೋ ಬೇಡವೋ? ಒಂದು ತಿಂಗಳು ಹೇಳಲಿಲ್ಲ. ಒಪ್ಪಿಕೊಳ್ಳುತ್ತೇನೆ, ಹೆದರಿದವನು ನಾನು. ಅಷ್ಟರಲ್ಲಿ ಪೇಪರಿನಲ್ಲಿ ಆ ಮೊಣಕೈ ಬಂತು. ಇನ್ನು ತಡೆಯಲಾಗಲಿಲ್ಲ. ಪೇಪರು ಮಡಚಿಕೊಂಡು, ತುರುವೇಕೆರೆಯಲ್ಲಿ ಬಸ್ ಬದಲಾಯಿಸಿ ಹೋದೆ.

ಗಂಗಿ ಜಗಲಿಯಲ್ಲಿ ಕಾಯಿ ಆರಿಸುತ್ತಿದ್ದಳು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಗಿಟುಕು ಸದ್ದು ಮಾಡಿದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ಪೇಪರು ಕೈಗಿಟ್ಟೆ.

"ಅಯ್ಯೋ, ನನ್ ಕೈ ಕಣಣ್ಣ! ಅಜ್ಜಿ ದಾರ!" ಎಂದು ನಕ್ಕಳು. ಗೆದ್ದವಳ ಮುಖವನ್ನು ಬೆರಳಿನಲ್ಲಿ ಮುಟ್ಟಿದಳು. "ಇವ್ಳು ಅಲ್ಲೀಗಂಟ ಹೋಗ್ಬಂದ್ಲಾ? ಒಳ್ಳೇ ಹುಡ್ಗಿ ಕಣಣ್ಣ. ಓಟ ಆದ್ಮೇಲೆ ನಂಗೆ ಕುಡಿಯೋಕೆ ನೀರು ತಂದ್ಕೊಟ್ಟಿದ್ಲು."

ಆಗ ಹೇಳಿದೆ. ರಂಗಪ್ಪನ ಹಾಗೆಯೇ ಅಂಗೈ ಅಗಲಿಸಿ ಹೇಳಿದೆ. ಬೆರಳು ಐದು, ಸಂದು ನಾಲ್ಕು. ಮರ ಹನ್ನೊಂದು, ಸಂದು ಹತ್ತು.

ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. ನನ್ನ ಬೆರಳುಗಳ ಸಂದು ಎಣಿಸಿದಳು.

"ಹಂಗಾರೆ ನಾನು ಹೆದ್ರಲಿಲ್ವಾ?"

"ಇಲ್ಲ ಕಣೇ. ನೀನು ಮರ ಹುಡುಕ್ತಾ ಇದ್ದೆ."

ಬಲಗೈ ಯಾಕೆ ಮುಂದೆ ಬಂತು ಎಂದು ಇಷ್ಟು ವರ್ಷದ ಮೇಲೆ ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅವಳು ಅಳುತ್ತಾಳೆ ಅಂದುಕೊಂಡೆ. ಸಿಟ್ಟು ಬಂತು ಅವಳಿಗೆ. "ಅಪ್ಪ ಸಾಯೋಗಂಟ ಹಂಗೇ ಅಂದ್ಕೊಂಡಿದ್ರಲ್ಲೋ! ನಾನೂ ಅಂದ್ಕೊಂಡಿದ್ನಲ್ಲೋ!" ಎಂದು ಎದ್ದು ಹೋದಳು.

ಹೋದದ್ದು ತೋಟಕ್ಕೆ. ನಾನು ಹಿಂದೆ ಹೋದೆ. ಒಂದೊಂದು ಮರವನ್ನೂ ಮುಟ್ಟಿ ಎಣಿಸುತ್ತಾ ನಡೆದಳು. ಹನ್ನೊಂದರಲ್ಲಿ ಅಂಗೈ ಇಟ್ಟು ನಿಂತಳು. ಮುಂದಿನ ಮರವನ್ನು ನೋಡಿದಳು. ಇಲ್ಲೂ ಮೂವತ್ತೇ ಅಡಿ. ವಾಪಸು ಬಂದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಚಪ್ಪಲಿ ಬಿಟ್ಟಳು. ಮೊದಲ ಮರಕ್ಕೆ ಬೆನ್ನು ಕೊಟ್ಟು ನನ್ನ ಕಡೆ ನೋಡಿದಳು.

ನಾನು ಚಪ್ಪಾಳೆ ತಟ್ಟಿದೆ.

ಮತ್ತೆ ಆ ಬಿಸಿಲು ಗೆರೆಗಳು. ಕಾಣಿಸಿ, ಮರೆಯಾಗಿ, ಮತ್ತೆ ಕಾಣಿಸಿ. ಭಾವ ಕೊಟ್ಟಿಗೆಯಿಂದ ಹುಲ್ಲಿನ ಹೊರೆ ಹಿಡಿದು ಬಂದವರು ಹಾಗೇ ನಿಂತರು. ಹನ್ನೊಂದನೇ ಮರ ಬಂತು. ಅವಳು ಅದನ್ನು ನೋಡಲೂ ಇಲ್ಲ. ಹನ್ನೆರಡನೆಯದನ್ನು ಬಡಿದ ಸದ್ದಿಗೆ ಮೇಲಿದ್ದ ಕಾಗೆಗಳೆಲ್ಲ ಎದ್ದವು.

"ಎಷ್ಟಾಯ್ತಣ್ಣ ಟೈಮು?"

ನಾನು ವಾಚ್ ನೋಡಿರಲಿಲ್ಲ.

"ಅದ್ನೂ ಮರ್ತ್ಯಾ? ಥೂ, ನಿನ್ ಗಣಿತಕ್ಕಿಷ್ಟು!" ಎಂದು ಮರಕ್ಕೆ ಒರಗಿ ಏದುಸಿರಿನಲ್ಲೇ ನಗತೊಡಗಿದಳು.

ನಾನು ಸರಿಯಾಗಿ ಎಣಿಸಿದ್ದರೆ ಗಂಗಿ ಒಲಿಂಪಿಕ್ಸ್‌ಗೆ ಹೋಗುತ್ತಿದ್ದಳೇ? ಸುಳ್ಳು ಹೇಳುವುದಿಲ್ಲ. ಬಹುಶಃ ಇಲ್ಲ. ಹನ್ನೆರಡನೇ ಮರಕ್ಕೆ ಹನ್ನೆರಡೂವರೆ ಸೆಕೆಂಡ್ ಬರುತ್ತಲೇ ಇರಲಿಲ್ಲ. ಅಟ್ಟದ ಮೇಲೆ ಚಪ್ಪಾಳೆಯೂ ಕೇಳುತ್ತಿರಲಿಲ್ಲವೇನೋ. ಆ ಕನಸು ನನ್ನ ತಪ್ಪಿನಿಂದಲೇ ಬಂದದ್ದು. ಅದರ ಬಗ್ಗೆ ನನಗೆ ಬೇಸರವಿಲ್ಲ, ಅವಳಿಗೂ ಇಲ್ಲವಂತೆ. ಆದರೆ ಸೋತವಳು ಸೋತೆ ಅಂದುಕೊಂಡು ಬರುವುದು ಬೇರೆ, ಹೇಡಿ ಅಂದುಕೊಂಡು ಬರುವುದು ಬೇರೆ. ಗೆದ್ದ ಹುಡುಗಿಯೂ ಒಲಿಂಪಿಕ್ಸ್‌ನಲ್ಲಿ ಸೋತಳು. ಅವಳಿಗೆ ಯಾರೂ ಎದೆಗುಂದಿದೆ ಎಂದು ಹೇಳಿರಲಿಕ್ಕಿಲ್ಲ.

ಸಂಜೆ ಬಸ್ಸಿಗೆ ಬಿಡಲು ಗಂಗಿ ರಸ್ತೆಯವರೆಗೂ ಬಂದಳು. ಬಸ್ ಹೊರಡುವಾಗ ಕಿಟಕಿಗೆ ಕೈಯಿಟ್ಟು ಹೇಳಿದಳು: "ಸೋಮವಾರದಿಂದ ಸ್ಕೂಲ್ ಹುಡ್ಗೀರಿಗೆ ಹೇಳ್ಕೊಡಾಕೆ ಹೋಯ್ತೀನಿ ಕಣಣ್ಣ. ಹೆಡ್‌ಮಾಸ್ಟ್ರು ಒಂದ್ ಅಳತೆ ಟೇಪ್ ಮಾತ್ರ ತರ್ಲಿ. ಮರ ಎಣ್ಸೋ ಅಣ್ಣಂದ್ರು ಬ್ಯಾಡ."

'ಕೊನೆಯಲ್ಲಿ ನನ್ನ ಕೈಲಾಗಲ್ಲ' ಅನ್ನುವವರು ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಮರ ಎಣಿಸಿಕೊಟ್ಟವರು ಯಾರು?