ಮೊಗಲಾಯಿಯಲ್ಲಿ ಉಳಿದ ಮುತ್ತಜ್ಜಿ

ನಮ್ಮ ಮನೆತನ ಸೊಲ್ಲಾಪುರಕ್ಕೆ ಬಂದದ್ದು ಅಜ್ಜ ಇನ್ನೂ ಚಿಕ್ಕ ಹುಡುಗನಾಗಿದ್ದಾಗ. ಆಗ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯೆಲ್ಲ ನಿಜಾಮನ ರಾಜ್ಯ; ಸೊಲ್ಲಾಪುರ ಇಂಗ್ಲಿಷರದು. ಗಡಿ ದಾಟಿ ಬಂದವರು ಹಿಂದೆ ಬಿಟ್ಟುಬಂದ ಸೀಮೆಯನ್ನು ‘ಮೊಗಲಾಯಿ’ ಎನ್ನುತ್ತಿದ್ದರು. ಮುತ್ತಜ್ಜ ಬಟ್ಟೆ ಗಿರಣಿಯಲ್ಲಿ ಕೆಲಸ ಹಿಡಿದ, ಚಾಳಿನಲ್ಲಿ ಒಂದು ಖೋಲಿ ಮಾಡಿದ, ಅಲ್ಲಿಯೇ ಇನ್ನೊಂದು ಮದುವೆಯಾದ. ಇವತ್ತಿಗೂ ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ.

ಅಜ್ಜನ ಹೆತ್ತ ತಾಯಿ ಮಾತ್ರ ಜೊತೆಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕತೆ. ಪ್ಲೇಗಿನಲ್ಲಿ ಸತ್ತಳು ಎಂದು ದೊಡ್ಡಪ್ಪ ಹೇಳುತ್ತಿದ್ದ. ಯಾರದೋ ಜೊತೆ ಓಡಿಹೋದಳು ಎಂದು ಚಾಳಿನ ಹಳೇ ಹೆಂಗಸರು ದನಿ ತಗ್ಗಿಸಿ ಹೇಳುತ್ತಿದ್ದರು. ಅಜ್ಜನನ್ನೇ ಕೇಳಿದರೆ, “ನಮ್ಮವ್ವ ಹಿಪ್ಪರಗಾದಾಕಿ, ಆಳಂದದ ಕಡಿ” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೊರಗೆ ನಡೆದುಬಿಡುತ್ತಿದ್ದ. ಆಕೆಯ ಹೆಸರು ಕೂಡ ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಾನು ಶಾಲೆಯ ನೌಕರಿಯಿಂದ ನಿವೃತ್ತಳಾದ ವರ್ಷವೇ ನನ್ನ ಸೋದರತ್ತೆಗೆ ಕಣ್ಣಿನ ಪೊರೆ ತೆಗೆಸಿದೆವು. ಅತ್ತೆಗೆ ಎಂಬತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ನನ್ನ ಜೊತೆಯಲ್ಲೇ ಇದ್ದಾಳೆ. ಮಾತು ಜೋರು, ನಗು ಅದಕ್ಕಿಂತ ಜೋರು. ಪಟ್ಟಿ ಬಿಚ್ಚಿದ ಮೇಲೆ ವಾರಗಟ್ಟಲೆ ಅವಳು ಕಂಡದ್ದನ್ನೆಲ್ಲ ಹೊಗಳಿದಳು. ಎದುರು ಮನೆಯ ಬಾಗಿಲಿನ ಬಣ್ಣ, ಬೇಳೆಯೊಳಗಿನ ಹರಳು, ನನ್ನ ತಲೆಯ ನೆರೆಗೂದಲು, ಯಾವುದನ್ನೂ ಬಿಡಲಿಲ್ಲ. ಒಂದು ದಿನ ಮುಂಜಾನೆ ಚಹಾ ಕುಡಿಯುತ್ತ ಹೇಳಿದಳು:

“ಕಣ್ಣು ಛಲೋ ಕಾಣಾಕತ್ಯಾವ. ಎಲ್ಲಿಗರ ಕರಕೊಂಡು ಹೋಗು ಬೇ.”

“ಪಂಢರಪುರಕ್ಕ ಹೋಗೋಣೇನು?”

“ದೇವರು ಎಲ್ಲಿ ಅದಾನ ಅಂತ ಎಲ್ಲರಿಗೂ ಗೊತ್ತದ. ನಮ್ಮ ಆಯಿ, ನಮ್ಮಪ್ಪನ್ನ ಹಡದಾಕಿ, ಎಲ್ಲಿ ಹೋದ್ಲು ಅಂತ ಯಾರಿಗೂ ಗೊತ್ತಿಲ್ಲ. ಹಿಪ್ಪರಗಾಕ್ಕ ನಡಿ.”

ಆಳಂದ ತಾಲೂಕಿನ ಮಾದನಹಿಪ್ಪರಗಾ ಸೊಲ್ಲಾಪುರದಿಂದ ದೂರವೇನಲ್ಲ. ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಚಳಿಗಾಲದ ಬಿಸಿಲು, ಎರಡೂ ಕಡೆ ತೊಗರಿ ಹೊಲ. ಊರ ಬಸ್‌ ನಿಲ್ದಾಣದ ಹತ್ತಿರ ಒಂದು ಚಹಾದ ಹೋಟೆಲಿನ ಮುಂದೆ ಇಳಿದು, ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರಿಗೆ ನಾನು ವಿಷಯ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಆಕಿ ಹೆಸರೇನ್ರಿ?”

“ಗೊತ್ತಿಲ್ರಿ.”

“ತವರುಮನಿ ಅಡ್ಡಹೆಸರು?”

“ಅದೂ ಗೊತ್ತಿಲ್ರಿ.”

“ಹಂಗಾದ್ರ ಏನಂತ ಹುಡುಕಾಕತ್ತೀರಿ ಬಾಯೋರ?”

ಸುತ್ತಲಿದ್ದವರು ನಕ್ಕರು. ನನಗೆ ನಾಚಿಕೆಯಾಯಿತು. ಅತ್ತೆಗೆ ಆಗಲಿಲ್ಲ. ತಲೆಯ ಮೇಲಿನ ಸೆರಗು ಸರಿಸಿ ಎರಡೂ ಕಿವಿ ತೋರಿಸಿದಳು. ನಮ್ಮಜ್ಜನ ಕಿವಿಗಳವು, ದೊಡ್ಡವು, ಅಗಲವಾದವು, ಮುಂದಕ್ಕೆ ಬಾಗಿದವು. ಸೊಲ್ಲಾಪುರದಲ್ಲಿ ಆ ಕಿವಿಗಾಗಿ ನಮ್ಮಪ್ಪ, ದೊಡ್ಡಪ್ಪ ಎಲ್ಲರೂ ಶಾಲೆಯಲ್ಲಿ ಚೇಷ್ಟೆ ಮಾಡಿಸಿಕೊಂಡವರೇ.

“ಈ ಕಿವಿ ನಮ್ಮ ಮುತ್ಯಾ, ನಮ್ಮಪ್ಪನ ಅಪ್ಪ, ಅವನ ಮನಿದಲ್ಲ. ಅವರ ಕಿವಿ ಸಣ್ಣವಿದ್ದವಂತ. ಅಂದಮ್ಯಾಲ ಆಕಿದೇ ಇರಬೇಕು. ನಿಮ್ಮ ಊರಾಗ ಯಾರ ಮನ್ಯಾಗರ ಇಂಥ ಕಿವಿ ಅದಾವೇನ್ರಿ?”

ಎಲ್ಲರೂ ಎದ್ದು ಬಂದು ಅತ್ತೆಯ ಕಿವಿ ನೋಡತೊಡಗಿದರು. ಒಬ್ಬ ಈ ಕಡೆಯಿಂದ, ಒಬ್ಬ ಆ ಕಡೆಯಿಂದ. ಒಲೆಯ ಮುಂದಿದ್ದ ಹೋಟೆಲಿನವನು ಸೌಟು ಹಿಡಿದುಕೊಂಡೇ ಬಂದು ನೋಡಿದ. “ಕೆಳಗಿನ ಓಣಿ ಗೌಡ್ರ ಮನಿ ಕಿವಿ ಇವು!” ಎಂದ. “ಹೌದಲ್ಲೋ!” ಎಂದು ನಾಲ್ಕಾರು ದನಿಗಳು ಕೂಡಿದವು. ಚಹಾಕ್ಕೆ ಬಂದವರೆಲ್ಲ ನಮ್ಮ ಹಿಂದೆ ಮುಂದೆ ನಡೆದರು. ಮದುವೆಯ ಬೀಗರನ್ನು ಕರೆದೊಯ್ದ ಹಾಗೆ ನಮ್ಮನ್ನು ಓಣಿಯುದ್ದಕ್ಕೂ ಕರೆದೊಯ್ದರು.

ಕೆಳಗಿನ ಓಣಿಯಲ್ಲಿ ಬಾಗಿಲು ತೆರೆದು ಹೊರಬಂದ ಗೌಡರಿಗೆ ಎಪ್ಪತ್ತರ ಆಸುಪಾಸು. ತಲೆಗೆ ರುಮಾಲು ಸುತ್ತಿದ್ದರು. ರುಮಾಲಿನ ಕೆಳಗೆ ಕಿವಿಗಳು ಎರಡು ಕಡೆ ಬಾಗಿಲಿನಂತೆ ತೆರೆದುಕೊಂಡಿದ್ದವು. ಅತ್ತೆ ಅವರನ್ನು ನೋಡಿದಳು. ಅವರು ಅತ್ತೆಯನ್ನು ನೋಡಿದರು. ಯಾರೂ ಪರಿಚಯ ಮಾಡಿಕೊಡುವ ಮೊದಲೇ ಅವರು, “ಒಳಗ ಬರ್ರಿ ಅಕ್ಕಾರ, ಬಿಸಲಾಗ ಯಾಕ ನಿಂತೀರಿ?” ಎಂದರು.

ನಾವು ಬಂದ ವಿಷಯ ಹೇಳಿದ ಮೇಲೆ ತಿಳಿಯಿತು, ನಮ್ಮ ಮುತ್ತಜ್ಜಿ ಅವರ ಅಜ್ಜನ ತಂಗಿ. ಹೆಸರು ಹೇಳಿದರು. ಅತ್ತೆ ಆ ಹೆಸರನ್ನು ತನ್ನಷ್ಟಕ್ಕೆ ತಾನು ಎರಡು ಮೂರು ಸಲ ಅಂದುಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮನೆಯ ಹೆಂಗಸರು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟರು. ಊಟ ಮಾಡುತ್ತಲೇ ಗೌಡರು ತಾವು ಕೇಳಿದ್ದನ್ನು ಹೇಳಿದರು.

“ಸಣ್ಣಾಕಿ ಇದ್ದಾಗಿಂದ ಆಕಿಗಿ ದನದ ಹುಚ್ಚು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳ್ತಿದ್ಲಂತ. ನಮ್ಮ ಮುತ್ಯಾ ಸಂತಿಗಿ ಹೋದ್ರ ಆಕಿನ್ನ ಹೆಗಲ ಮ್ಯಾಲ ಕುಂದರಿಸಿಕೊಂಡು ಹೋಗ್ತಿದ್ದ. ಮುಂದ ಅತನೂರಿಗಿ ಕೊಟ್ರು. ಅಲ್ಲೇನಾತೋ ನಮಗ ಮಾಲೂಮಿಲ್ರಿ. ಕಡೀಗಿ ನೆಲೋಗಿ ಒಳಗ ಇದ್ಲು ಅಂತ ಕೇಳೇನಿ. ಅಲ್ಲಿ ದನದ ಯಾಪಾರದ ಸಾಬರ ಮನಿ ಅದ, ಅವರಿಗಿ ಕೇಳ್ರಿ.”

ಅಫಜಲಪುರ ತಾಲೂಕಿನ ಅತನೂರಿಗೂ ಹೋದೆವು. ಮುತ್ತಜ್ಜನ ಮನೆಯಿದ್ದ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ. ಅಂಗಡಿಯ ಮಾಲೀಕನಿಗೆ ಹಳೆಯದೇನೂ ಗೊತ್ತಿರಲಿಲ್ಲ. ಪಾಪ, ನಮಗೆ ನೀರು ಕೊಟ್ಟು, ಕುರ್ಚಿ ಕೊಟ್ಟು, ಗೊತ್ತಿಲ್ಲದ್ದಕ್ಕೆ ತಾನೇ ಬೇಸರಪಟ್ಟ. ಅಲ್ಲಿಂದ ಭೀಮಾ ದಾಟಿ ಜೇವರ್ಗಿ ತಾಲೂಕಿನ ನೆಲೋಗಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಚಾಳಿನ ಹೆಂಗಸರು ಹೇಳುತ್ತಿದ್ದ ‘ಓಡಿಹೋದಳು’ ಎಂಬ ಮಾತು ಇಬ್ಬರ ತಲೆಯಲ್ಲೂ ಇತ್ತು.

ದನದ ವ್ಯಾಪಾರದವರ ಮನೆ ಎಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತು. ಅಂಗಳದಲ್ಲಿ ಹೊರಸಿನ ಮೇಲೆ ಒಬ್ಬ ಮುದುಕಿ ಕೂತು ತೊಗರಿಕಾಯಿ ಬಿಡಿಸುತ್ತಿದ್ದಳು. ಅತ್ತೆಗಿಂತ ನಾಲ್ಕಾರು ವರ್ಷ ಹಿರಿಯಳಿರಬೇಕು. ಗಂಡ ತೀರಿದ ಮೇಲೆ ತವರಿಗೇ ಬಂದು ನೆಲೆಸಿದ್ದ ಆ ಮನೆಯ ಮಗಳು. ನಾನು ಮುತ್ತಜ್ಜಿಯ ಹೆಸರು ಹೇಳಿದ್ದೇ ತಡ, ಆಕೆ ಮಡಿಲಲ್ಲಿದ್ದ ಕಾಯಿಯನ್ನೆಲ್ಲ ಹೊರಸಿನ ಮೇಲೆ ಸುರಿದು ಎದ್ದು ನಿಂತಳು.

“ಯಾ ಅಲ್ಲಾ! ಸೊಲ್ಲಾಪುರದವರೇನ್ರಿ ನೀವು? ಇಷ್ಟು ದಿನ ಎಲ್ಲಿ ಸತ್ತಿದ್ರಿ?”

ಅತ್ತೆ ನೇರವಾಗಿ ಕೇಳಿಬಿಟ್ಟಳು: “ನಮ್ಮ ಆಯಿ ನಿಮ್ಮಪ್ಪನ ಜೋಡಿ ಓಡಿ ಬಂದಿದ್ಲೇನ್ರಿ?”

ನಾನು ಭೂಮಿಗಿಳಿದು ಹೋದೆ. ಆ ಮುದುಕಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಮ್ಮಪ್ಪ? ಆಕಿ ಕೆಮ್ಮಿದ್ರ ನಮ್ಮಪ್ಪ ಎದ್ದು ನಿಲ್ತಿದ್ದ! ಅಕ್ಕಾ, ಅಕ್ಕಾ ಅಂತ ಹಿಂದಿಂದ ತಿರಗ್ತಿದ್ದ. ಯಾಪಾರ ಕಲಿಸಿದಾಕೀನ ಆಕಿ. ಇಬ್ಬರದೂ ಪಾಲಿನ ಯಾಪಾರ. ನೋಡ್ರಿ, ಆ ಖೋಲಿ ಆಕಿದು. ಆಕಿ ಒಲಿ ಬ್ಯಾರೆ, ನಮ್ಮ ಒಲಿ ಬ್ಯಾರೆ. ಮುಂಜಾನೆದ್ದು ಲಿಂಗಪೂಜಿ ಆಗದ ನೀರು ಮುಟ್ತಿದ್ದಿಲ್ಲ.”

ಆಮೇಲೆ ಎಲ್ಲ ಹೇಳಿದಳು. ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನು, ಕೊಡುವವನು ಇಬ್ಬರೂ ಕೈಮೇಲೆ ಶಲ್ಯ ಹಾಕಿಕೊಂಡು ಅದರ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರೆ. ಮುತ್ತಜ್ಜಿ ಗಂಡಸರ ನಡುವೆ ನಿಂತು ಅದನ್ನು ಮಾಡುತ್ತಿದ್ದಳು. ಪರಗಂಡಸರು ಶಲ್ಯದ ಕೆಳಗೆ ಬೆರಳು ಹಿಡಿಯುವ ಸೊಸೆಯನ್ನು ಅತನೂರಿನ ಮನೆ ಒಪ್ಪಲಿಲ್ಲ. ದನದ ಬಾಜಾರ ಬಿಟ್ಟು ಸೊಲ್ಲಾಪುರಕ್ಕೆ ನಡಿ ಎಂದು ಗಂಡ ಹಟ ಹಿಡಿದ. ಆಕೆಯೂ ಹಟ ಹಿಡಿದಳು. ಇದ್ದೊಬ್ಬ ಮಗನನ್ನು ಗಂಡ ಕರೆದೊಯ್ದ; ಆಕೆ ಸಂತೆಯ ಪರಿಚಯದ ಮೇಲೆ ನೆಲೋಗಿಯ ಈ ಮನೆಗೆ ಬಂದು ನಿಂತಳು.

“ಮಗನ ಹೆಸರೆತ್ತಿದ್ರ ಕಣ್ಣಾಗ ನೀರು ತರ್ತಿದ್ಲು. ಅದಕ್ಕೇ ಪ್ರತಿ ಚಳಿಗಾಲ ಸೊಲ್ಲಾಪುರದ ಜನಾವರದ ಬಾಜಾರಕ್ಕ ಹೋಗ್ತಿದ್ಲು. ಎತ್ತು ಮಾರೂದು ನೆಪ. ಮಗನ ಮನ್ಯಾಗ ಇದ್ದು, ಉಂಡು, ಮೊಮ್ಮಕ್ಕಳ ಮುದ್ದು ಮಾಡಿ ಬರ್ತಿದ್ಲು. ಬಂದ ಮ್ಯಾಲ ನನಗ ಹಿಂಗ ಕೈ ಹಿಡದು ಆಟ ಆಡಸ್ತಿದ್ಲು.” ಹಾಗೆಂದವಳೇ ಸೆರಗನ್ನು ಅತ್ತೆಯ ಕೈಮೇಲೆ ಹೊದಿಸಿ, ಕೆಳಗೆ ಬೆರಳು ಹಿಡಿದಳು.

ಸೆರಗಿನ ಕೆಳಗೆ ಏನು ನಡೆಯಿತೋ ನನಗೆ ಕಾಣಲಿಲ್ಲ. ಅತ್ತೆಯ ಮುಖ ಮಾತ್ರ ಕಂಡಿತು. ಬಾಯಿ ತೆರೆದಿತ್ತು, ಹುಬ್ಬು ಮೇಲೇರಿದ್ದವು.

“ಏ, ನನಗ ಇದು ಗೊತ್ತದ!” ಎಂದು ಕೂಗಿದಳು. “ಸಣ್ಣಾಕಿ ಇದ್ದಾಗ ಚಳಿಗಾಲಕ್ಕ ಒಬ್ಬಾಕಿ ಬರ್ತಿದ್ಲು. ಹೆಗಲ ಮ್ಯಾಲ ಗಂಡಸರ ಶಲ್ಯ. ಮೈಯೆಲ್ಲ ದನದ ವಾಸನಿ. ಬಾಜಾರದ ಆಯಿ ಬಂದ್ಲು ಅಂತ ನಾವು ಓಡ್ತಿದ್ವಿ. ಶಲ್ಯದ ಕೆಳಗ ನನ್ನ ಬೆರಳು ಹಿಡದು, ‘ನಿಮ್ಮಪ್ಪನ್ನ ಎಷ್ಟಕ್ಕ ಕೊಡ್ತಿ?’ ಅಂತ ಕೇಳ್ತಿದ್ಲು! ನಾ ಒಂದೊಂದು ಸಲ ಒಂದೊಂದು ದರ ಹೇಳ್ತಿದ್ದೆ. ಅಪ್ಪ ಬಾಜೂಕ ಕುಂತು ನಗ್ತಿದ್ದ!”

“ಆಕೀನ! ಆಕೀನ!” ಎಂದು ಆ ಮುದುಕಿ ಅತ್ತೆಯನ್ನು ತಬ್ಬಿಕೊಂಡಳು.

ಮಿಕ್ಕದ್ದನ್ನೂ ಆ ಮುದುಕಿಯೇ ಬಿಡಿಸಿ ಹೇಳಿದಳು. ಚಾಳಿನಲ್ಲಿ ಮಲತಾಯಿ ಇದ್ದಳು, ಮಗುವಾಗಿದ್ದಾಗಿನಿಂದ ಅಜ್ಜನನ್ನು ಸಾಕಿದವಳು. ಅವಳಿಗೆ ನೋವಾಗಬಾರದೆಂದು ಅಜ್ಜ ಬಂದವಳನ್ನು ‘ಅವ್ವ’ ಎಂದು ಯಾರ ಮುಂದೆಯೂ ಕರೆದಿರಲಿಲ್ಲ. ಆದರೆ ಆ ಮಲತಾಯಿಯೇ ಬಾಜಾರದ ಆಯಿಗೆ ಕಾಲಿಗೆ ನೀರು ಕೊಡುತ್ತಿದ್ದಳಂತೆ, ‘ಅಕ್ಕಾ’ ಎನ್ನುತ್ತಿದ್ದಳಂತೆ, ಬಿಸಿ ರೊಟ್ಟಿ ಬಡಿಯುತ್ತಿದ್ದಳಂತೆ. ದೊಡ್ಡವರಿಗೆಲ್ಲ ಗೊತ್ತಿದ್ದದ್ದು ಮಕ್ಕಳಾದ ಇವರಿಗೆ ಮಾತ್ರ ಗೊತ್ತಿರಲಿಲ್ಲ.

“ಯಾರ ತೊಡಿ ಮ್ಯಾಲ ಕುಂತು ಬೆಳದೆನೋ ಆಕಿನ್ನೇ ಊರೂರು ಹುಡುಕಾಕತ್ತೇನಿ ನೋಡು ಬೇ!” ಎಂದು ಅತ್ತೆ ನನ್ನ ಬೆನ್ನಿಗೆ ಗುದ್ದಿದಳು. ನಕ್ಕು ನಕ್ಕು ಅವಳ ಹೊಸ ಕಣ್ಣುಗಳಲ್ಲಿ ನೀರು ಹರಿಯುತ್ತಿತ್ತು. ನಾನು ಒರೆಸಲು ಹೋದರೆ ಕೈ ತಳ್ಳಿದಳು.

ಮುತ್ತಜ್ಜಿಯನ್ನು ಮಣ್ಣು ಮಾಡಿದ್ದು ಅವರ ಹೊಲದಲ್ಲಿಯೇ. ಮುದುಕಿಯ ಅಣ್ಣನ ಮಗ ನಮ್ಮನ್ನು ಅಲ್ಲಿಗೆ ಕರೆದೊಯ್ದ. ತೊಗರಿಯ ನಡುವೆ ಒಂದು ಕಲ್ಲಿನ ಕಟ್ಟೆ; ಕುಂಟೆ ಹೊಡೆಯುವಾಗ ಅದನ್ನು ಬಳಸಿಕೊಂಡು ಹೋಗುತ್ತಾರಂತೆ. ಆ ಮನೆಯವರು ಇವತ್ತಿಗೂ ಹೊಸ ಎತ್ತು ತಂದರೆ ಮೊದಲು ಇಲ್ಲಿಗೆ ಹೊಡೆದುಕೊಂಡು ಬರುತ್ತಾರೆ. “ಆಯಿ ನೋಡ್ಲಿ ಅಂತ್ರಿ” ಎಂದ ಅವನು, ತುಸು ಸಂಕೋಚದಿಂದ. ಅತ್ತೆ ಕಟ್ಟೆಯ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಅಳುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಕೈಗೆಟುಕಿದ ತೊಗರಿಕಾಯಿ ಕಿತ್ತು ಸುಲಿದು ತಿನ್ನತೊಡಗಿದಳು. “ಭಾಳ ಸವಿ ಅದಾವ. ನೀನೂ ತಿನ್ನು,” ಎಂದಳು.

ಆ ರಾತ್ರಿ ನಮ್ಮನ್ನು ಅವರು ಬಿಡಲೇ ಇಲ್ಲ. ಅಕ್ಕಪಕ್ಕದ ಹೊರಸಿನ ಮೇಲೆ ಮಲಗಿದ ಇಬ್ಬರೂ ಮುದುಕಿಯರು ಮಾತಾಡುತ್ತಲೇ ಇದ್ದರು, ನನಗೆ ನಿದ್ದೆ ಬಂತು.

ಈ ವರ್ಷ ಬೇಸಿಗೆಗೆ ಆ ಮುದುಕಿಯೂ ಸೊಲ್ಲಾಪುರಕ್ಕೆ ಬಂದಳು, ಅಣ್ಣನ ಮಗನ ಜೊತೆ, ಕಣ್ಣು ತೋರಿಸಲಿಕ್ಕೆ. ಆಪರೇಷನ್ನು ಇಲ್ಲಿಯೇ ಆಯಿತು. ಎಂಟು ದಿನ ಎಂದು ನಮ್ಮ ಮನೆಗೆ ಬಂದವಳು ತಿಂಗಳು ಉಳಿದಳು. ಮಾದನಹಿಪ್ಪರಗಾದ ಗೌಡರೂ ಒಂದು ದಿನ ಬಂದು ಹೋದರು, ಒಂದು ಚೀಲ ಜೋಳ ಹೊತ್ತುಕೊಂಡು. ಅವತ್ತು ಸೇರಿದ್ದ ನಮ್ಮ ಮನೆತನದ ಹುಡುಗಿಯರು ಅವರ ಕಿವಿಯನ್ನು ಕದ್ದು ಕದ್ದು ನೋಡಿ, ತಮ್ಮ ಕಿವಿ ಮುಟ್ಟಿಕೊಂಡು ನಗುತ್ತಿದ್ದರು.

ಈಗ ಮಧ್ಯಾಹ್ನ ಊಟವಾದ ಮೇಲೆ ನೆಲೋಗಿಯಿಂದ ಫೋನು ಬರುತ್ತದೆ. ಇಬ್ಬರಿಗೂ ಕಿವಿ ಮಂದ, ಇಬ್ಬರೂ ಕೂಗುತ್ತಾರೆ. ಫೋನು ಹಿಡಿಯುವ ಕೆಲಸ ನನ್ನದು. ನಿನ್ನೆಯ ವಾದ ಮುತ್ತಜ್ಜಿ ಸಾರಿಗೆ ಹುಣಸೆಹಣ್ಣು ಹಾಕುತ್ತಿದ್ದಳೋ ಇಲ್ಲವೋ ಎಂಬುದು.

“ಹಾಕ್ತಿದ್ದಿಲ್ಲ! ಆಕಿ ಕೈ ಊಟ ಉಂಡಾಕಿ ನಾ!” ಎಂದು ಆ ಕಡೆಯಿಂದ.

“ನಮ್ಮ ಮನ್ಯಾಗ ಹುಣಸಿಹಣ್ಣು ಹಾಕಿದ್ದ ಸಾರು ಮೂರು ಸಲ ನೀಡಿಸ್ಕೊಂಡು ಉಣ್ತಿದ್ಲು!” ಎಂದು ಈ ಕಡೆಯಿಂದ.

ಕಡೆಗೆ ಅತ್ತೆ ಸಿಟ್ಟಿನಿಂದ ಫೋನು ಇಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ನಾಳಿ ಆಕಿ ಫೋನು ಮಾಡಲಿಲ್ಲಂದ್ರ ನೀನ ಹಚ್ಚಿಕೊಡು,” ಎಂದು ಹೇಳಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.