ಒಳ್ಳೆಯ ಕಾಯಿ ಒಡೆದ ಭಾನುವಾರ

ಎಪ್ಪತ್ತೆಂಟನೆಯ ಇಸವಿ, ಆಷಾಢದ ಒಂದು ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ. ಸ್ಥಳ, ತಿಪಟೂರಿನ ನನ್ನ ಬಾಡಿಗೆ ಕೋಣೆ. ಹಾಜರಿದ್ದವರು ನಾನು, ದಂಡಿನಶಿವರದಿಂದ ಅಡುಗೆ ಕಲಿಸಲು ಬಂದಿದ್ದ ಸೋದರತ್ತೆ, ಮತ್ತು ಪಂಪು ಹೊಡೆದಷ್ಟೂ ಮುನಿಸಿಕೊಳ್ಳುವ ಸೀಮೆಎಣ್ಣೆ ಸ್ಟೌ. ಅಪ್ಪ ಹನ್ನೆರಡರ ಬಸ್ಸಿಗೆ ಬರುವವರಿದ್ದರು.

ಬರುವುದು ತೀರ್ಪು ಕೊಡಲು. ಹೋಟೆಲಿನಲ್ಲಿ ತಿಂದು ನಾನು ಎರಡು ಸಲ ಹೊಟ್ಟೆ ಕೆಡಿಸಿಕೊಂಡಿದ್ದೆ. "ನಿನ್ ಊಟ ನೀನೇ ಬೇಯಿಸ್ಕಂಡ್ರೆ ಕಾಲೇಜು. ಇಲ್ದಿದ್ರೆ ಹುಳಿಯಾರಿಗೆ ಹೋಗಿ ದೊಡ್ಡಪ್ಪನ ಅಂಗಡೀಲಿ ಕೂತ್ಕೋ" ಎಂದಿದ್ದರು.

ನಾನು ಚಿಕ್ಕಂದಿನಿಂದ ಗಡಿಯಾರದ ಮನುಷ್ಯ. ಎಸರಿಗೆ ಹತ್ತು ನಿಮಿಷ, ಹಿಟ್ಟು ಬೇಯಲು ಎಂಟು, ತಿರುವಲು ನಾಲ್ಕು ಎಂದು ಬರೆದು ಗೋಡೆಗೆ ಅಂಟಿಸಿದ್ದೆ. ಓದು ಬಾರದ ಅತ್ತೆ ಅದನ್ನು ನೋಡಿ, "ಏನ್ಲಾ ಇದು, ಬಸ್ಸಿನ ಟೈಮಾ?" ಎಂದರು. ವಿವರಿಸಿದೆ. "ಮುದ್ದೆಗೆ ಅದೆಲ್ಲ ಗೊತ್ತಾಗಕಿಲ್ಲ ಬುಡು. ಕೋಲು ಹಿಡ್ಕಂಡು ತಿರುವು, ಹಿಟ್ಟೇ ಹೇಳ್ತದೆ." ಹಿಟ್ಟು ನನ್ನೊಡನೆ ಮಾತು ಬಿಟ್ಟಿತ್ತು. ಮೊದಲ ಸಲದ್ದನ್ನು ಪಕ್ಕದ ಮನೆಯ ಎಮ್ಮೆ ಸ್ವಲ್ಪ ಯೋಚಿಸಿಯೇ ತಿಂದಿತು. ಎರಡನೆಯ ಸಲ ಗಂಟಿಲ್ಲದೆ ಬಂತು.

ಇನ್ನು ಹುರುಳಿಕಾಳಿನ ಸಾರು. ತೆಂಗಿನ ಸೀಮೆಯವರು ದಿನವೂ ಒಳ್ಳೊಳ್ಳೆಯ ಕಾಯಿ ಒಡೆದು ಉಣ್ಣುತ್ತಾರೆಂದು ಹೊರಗಿನವರು ಭಾವಿಸುತ್ತಾರೆ. ನಮ್ಮಲ್ಲಿ ಒಳ್ಳೆಯ ಕಾಯಿ ನೇರ ಅಟ್ಟ ಹತ್ತುತ್ತದೆ; ವರ್ಷದ ತನಕ ತಪಸ್ಸಿಗೆ ಕೂತು, ಒಳಗಿನ ನೀರೆಲ್ಲ ಬತ್ತಿ, ಕೊಬ್ಬರಿಯಾಗಿ ಮಂಡಿಗೆ ಹೋಗುತ್ತದೆ. ಅಡುಗೆಮನೆಗೆ ಇಳಿಯುವುದು ಬಿರುಕು ಬಿಟ್ಟದ್ದು, ಮೊಳಕೆ ಬಂದದ್ದು, ಇಲಿ ರುಚಿ ನೋಡಿದ್ದು. ಹದಿನೆಂಟು ವರ್ಷ ಅದನ್ನೇ ಉಂಡ ನನಗೆ ಸಾರು ಎಂದರೆ ಸ್ವಲ್ಪ ಕಮಟು ಇರಬೇಕೆಂದೇ ತಿಳುವಳಿಕೆ.

ಅಮ್ಮ ಅವಸರದಲ್ಲಿ ತುಂಬಿ ಕಳಿಸಿದ್ದ ಚೀಲದಲ್ಲಿ ಎರಡೂ ಬಗೆಯ ಕಾಯಿ ಬೆರೆತಿದ್ದವು. ಪರೀಕ್ಷೆಯಲ್ಲವೇ ಎಂದು ಎಲ್ಲಕ್ಕಿಂತ ಚೆಂದದ ಕಾಯಿ ಎತ್ತಿಕೊಂಡೆ. ಅತ್ತೆ ಬಾಗಿಲ ಕಡೆ ನೋಡಿದರು. "ನಿಮ್ಮಪ್ಪಂಗೆ ಗೊತ್ತಾದ್ರೆ? ಹೂಂ, ಒಡಿ ಅತ್ಲಾಗೆ."

ಅಪ್ಪ ಬಂದರು, ಕೈತೊಳೆದು ಕೂತರು. ಮುದ್ದೆ ಮುರಿದು, ಗಂಟಿಲ್ಲವೆಂದು ಕಂಡು ತಲೆಯಾಡಿಸಿದರು. ಮೊದಲ ತುತ್ತು ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿದಾಗ ಮಾತ್ರ ಕೈ ನಿಂತಿತು.

"ಯಾವ ಕಾಯಿ ಒಡೆದ್ಯೋ?"

ನಾನು ಅವರ ಲೋಟಕ್ಕೆ ನೀರು ಬಗ್ಗಿಸಿದೆ. ಅತ್ತೆ, "ಸಾರು ಹೆಂಗೈತೆ, ಅದ್ ಹೇಳಣ್ಣ ಮೊದ್ಲು" ಎಂದರು.

"ಚೆನ್ನಾಗೈತೆ, ಅದ್ಕೇ ಕೇಳ್ತಿರೋದು! ಒಡಕು ಕಾಯೀಲಿ ಇಷ್ಟ್ ಚೆನ್ನಾಗಿ ಆಗಕಿಲ್ಲ ಕಣಮ್ಮಿ. ಇದೇನ್ ಮದುವೆ ಮನೇನಾ?" ಎಂದವರು ಗಂಗಳ ಮುಂದೆ ನೂಕಿದರು. "ಇನ್ನೊಂದ್ ಸೌಟು ಬುಡು. ಹೆಂಗೂ ಒಡೆದಾಯ್ತಲ್ಲ."

ಅಡುಗೆ ಕೆಟ್ಟು ಸೋತವರು ಬಹಳ; ರುಚಿಯಾಗಿ ಸಿಕ್ಕಿಬಿದ್ದವನು ಬಹುಶಃ ನಾನೊಬ್ಬನೇ.

ಉಂಡೆದ್ದ ಅಪ್ಪ ಚೀಲವನ್ನು ನೆಲಕ್ಕೆ ಸುರಿದರು. ಹುಳಿಯಾರು ನನ್ನ ಕಣ್ಣ ಮುಂದೆ ಬಂತು. ಅವರು ಒಂದೊಂದೇ ಕಾಯಿಯನ್ನು ಕಿವಿಯ ಬಳಿ ಕುಲುಕಿ, ತಿರುಗಿಸಿ ನೋಡಿ, ಎರಡು ಗುಡ್ಡೆ ಮಾಡಿದರು. ಒಳ್ಳೆಯವು ಚೀಲಕ್ಕೆ ಮರಳಿದವು, ಊರಿನ ಅಟ್ಟ ಹತ್ತಲು. ಒಡಕಿನ ಗುಡ್ಡೆಯನ್ನು ಕಾಲಿನಿಂದ ಮೂಲೆಗೆ ಒತ್ತಿ, "ಇವು ಮುಂದಿನ್ ಭಾನುವಾರದ ತನಕ ಸಾಕಾಗ್ತವೆ. ಆಮೇಲೆ ಬೇರೆ ಕಳಿಸ್ತೀನಿ" ಎಂದರು.

ನಮ್ಮ ಕಡೆ ಒಳ್ಳೆಯ ಕಾಯಿಯನ್ನು ಮಂಡಿಗೆ ಕಳಿಸುತ್ತಾರೆ, ತಪ್ಪಿದರೆ ನೆಂಟರಿಗೆ ಕೊಡುತ್ತಾರೆ; ಒಡಕನ್ನು ಮನೆ ನಡೆಸುವವರಿಗೆ ಬಿಡುತ್ತಾರೆ. ನಾನು ಪಾಸಾಗಿದ್ದೆ.

ಇಬ್ಬರನ್ನೂ ಅವರವರ ಬಸ್ಸಿಗೆ ಹತ್ತಿಸಿ ಐದಕ್ಕೆ ಕೋಣೆಗೆ ಮರಳಿದೆ. ಸಾರಿನ ತಪ್ಪಲೆಯ ತಳವನ್ನು ಬೆರಳಿನಿಂದ ಬಳಿದು ನೆಕ್ಕಿ, ತೊಳೆದು, ಬೋರಲು ಹಾಕಿದೆ.